ನೀರಿನ ಕೂಗು

ಕಳೆದ ತಿಂಗಳು ಸಹೋದ್ಯೋಗಿಯೊಬ್ಬರ ಹೊಸ ಮನೆಯ ವಾಸ್ತುಶಾಂತಿಗೆಂದು ತಿಕೋಟಾಕ್ಕೆ ಹೋಗಿದ್ದೆ. ಹೋಳಿಗೆ ಊಟ ಭಾರವಾಗಿತ್ತು, ಬಿಸಿಲು ಅದಕ್ಕಿಂತ ಭಾರವಾಗಿತ್ತು. ವಿಜಯಪುರದ ಬಸ್ಸಿಗೆ ಕಾಯುತ್ತ ರಸ್ತೆ ಬದಿಯ ಕಬ್ಬಿನ ಹಾಲಿನ ಅಂಗಡಿಯ ತಗಡಿನ ನೆರಳಿಗೆ ನಿಂತೆ. ಗಾಳಿ ಬೀಸಿದಾಗಲೆಲ್ಲ ಒಣದ್ರಾಕ್ಷಿ ಶೆಡ್ಡುಗಳ ಹುಳಿಸಿಹಿ ವಾಸನೆ ಬರುತ್ತಿತ್ತು. ಆ ವಾಸನೆಗೇ ಮನಸ್ಸು ಅರ್ಧ ಕೆಟ್ಟಿತ್ತು. ಅಷ್ಟರಲ್ಲಿ ಒಂದು ಟ್ರ್ಯಾಕ್ಟರ್ ಬಂತು. ಈ ಕಡೆಯ ಟ್ರ್ಯಾಕ್ಟರುಗಳ ಗತ್ತು ಗೊತ್ತಲ್ಲ, ಟ್ರೇಲರಿನಲ್ಲಿ ಮಾಲು ಇಲ್ಲದಿದ್ದರೂ ನಡೆದೀತು, ಸ್ಪೀಕರ್ ಇಲ್ಲದೆ ನಡೆಯದು. ಅದರ ಸ್ಪೀಕರಿನಿಂದ, ಹಾಡು ಶುರುವಾಗುವ ಮೊದಲು, ಒಂದು ಕೂಗು ಬಂತು.

"ಹೊಯ್ಯಾ… ಹೊ ಹೊ ಹೊ… ಹೊಯ್ಯಾ…"

ಗ್ಲಾಸು ಹಿಡಿದುಕೊಂಡೇ ಬಿಸಿಲಿಗೆ ಬಂದುಬಿಟ್ಟೆ. ನಾನು ನೋಡಿದ್ದು ಟ್ರ್ಯಾಕ್ಟರನ್ನಲ್ಲ, ರಸ್ತೆಯಾಚೆಗಿನ ಖಾಲಿ ಹೊಲವನ್ನು.

"ಏನ್ ನೋಡಾಕತ್ತೀರಿ ಅಕ್ಕೋರ?" ಅಂಗಡಿಯವನು ಕೇಳಿದ.

"ಕುರಿ ಬಂದ್ವೇನಂತ."

"ಕುರಿ? ಇಲ್ಲೆಲ್ಲಿ ಕುರಿರಿ?" ಎಂದು ನಕ್ಕ. ನಾನು ನಗಲಿಲ್ಲ. ಆ ಕೂಗನ್ನು ಆ ಹಾಡಿನ ತಲೆಗೆ ಕೂಡಿಸಿದವನು ನನ್ನ ತಮ್ಮ. ಕೂಡಿಸು ಅಂದವಳು ನಾನು.

ಅದು ನಾಲ್ಕು ವರ್ಷದ ಹಿಂದಿನ ಬೇಸಿಗೆ. ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವರ್ಷವಿಡೀ ಕೆಂಪು ಪೆನ್ನು ಹಿಡಿದು ಇನ್ನೊಬ್ಬರ ತಪ್ಪು ಹುಡುಕುವ ಕೆಲಸ. ಅದರಿಂದಾಗಿ ನನ್ನ ಬಾಯಿ ಸ್ವಲ್ಪ ಜೋರು ಎಂದು ಮನೆಯವರ ದೂರು. ಆ ವರ್ಷ ಪರಿಚಯದ ಫೋಟೋಗ್ರಾಫರೊಬ್ಬರು ತಮ್ಮ ಹಳೆಯ ಕ್ಯಾಮೆರಾ ಕೊಡುತ್ತೇನೆಂದರು, ತೆಗೆದುಕೊಂಡೆ. ತಮ್ಮ ಸುನೀಲನಿಗೆ ಆಗ ಇಪ್ಪತ್ತಾರು. ತೊರವಿ ಕಡೆಯ ಒಂದು ಕಾಲೇಜಿನಲ್ಲಿ ಎಲೆಕ್ಟ್ರಿಷಿಯನ್. ಹಗಲೆಲ್ಲ ಫ್ಯಾನು, ಮೋಟರು. ಸಂಜೆಯಾದರೆ ಪಡಸಾಲೆಯಲ್ಲಿ ಬುದ್ಧನ ಫೋಟೋದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕೂತುಬಿಡುತ್ತಿದ್ದ. ಅವನ ಹುಚ್ಚು ಮ್ಯೂಸಿಕ್ ಮಿಕ್ಸಿಂಗ್. ಬೇರೆಯವರ ಹಾಡಿಗೆ ಬೀಟ್ ಹಚ್ಚಿ ಕುಣಿಸುವುದು ಅವನಿಗೆ ಬೇಕಿರಲಿಲ್ಲ. ತಾನೇ ಹಿಡಿದು ತಂದ ಸಪ್ಪಳಗಳಿಂದ ಹಾಡು ಕಟ್ಟಬೇಕು ಎನ್ನುವವ. ಬೋರಿನ ಸ್ಟಾರ್ಟರ್ ಕಚ್ಚುವ ಸದ್ದು, ಸಿಟಿ ಬಸ್ಸಿನ ಬಾಗಿಲು ಬಡಿಯುವ ಸದ್ದು, ಅವ್ವ ರೊಟ್ಟಿ ಬಡಿಯುವ ಸದ್ದು, ಎಲ್ಲವೂ ಅವನ ಫೋನಿನಲ್ಲಿದ್ದವು.

"ಅಕ್ಕಾ, ಅವ್ವನ ರೊಟ್ಟಿ ಎಷ್ಟ ಕರೆಕ್ಟ್ ತಾಳದಾಗ ಬೀಳತೈತಿ ಕೇಳಿಲ್ಲೆ," ಎನ್ನುತ್ತಿದ್ದ.

"ತಾಳ ಕೇಳಾಕ ಓಡಿ ಬರ್ತಾನ. ತಿನ್ನಾಕ ಕರದ್ರ ಕಿವಿ ಕೇಳಂಗಿಲ್ಲ," ಎನ್ನುತ್ತಿದ್ದಳು ಅವ್ವ.

ರಜೆ ಶುರುವಾದ ಮೇಲೆ ಪ್ರತಿ ಭಾನುವಾರ ನಮ್ಮಿಬ್ಬರ ಸವಾರಿ. ನಸುಕಿನಲ್ಲೇ ಎದ್ದು, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು, ಸ್ಕೂಟರಿನ ಮೇಲೆ ತೊರವಿ ದಾಟುವ ಹೊತ್ತಿಗೆ ಬೆಳಕು ಹರಿದಿರುತ್ತಿತ್ತು. ಬೇಸಿಗೆಯಲ್ಲಿ ನಮ್ಮ ಸೀಮೆಯ ಬೆಳಕು ಫೋಟೋಕ್ಕೆ ಒಗ್ಗುವುದು ಎರಡೇ ತಾಸು. ಎಂಟೂವರೆ ದಾಟಿತೆಂದರೆ ಎಲ್ಲದರ ಬಣ್ಣವೂ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಅಷ್ಟರೊಳಗೆ ನಾನು ಕ್ಲಿಕ್ಕಿಸಬೇಕು. ಸುನೀಲನಿಗೆ ಆ ತೊಂದರೆ ಇಲ್ಲ, ಸಪ್ಪಳಕ್ಕೆ ಬಿಸಿಲು ಬಡಿಯುವುದಿಲ್ಲ.

ಮೊದಲ ಎರಡು ವಾರ ತಿಕೋಟಾದ ಶೆಡ್ಡುಗಳಲ್ಲೇ ಕಳೆದವು. ದ್ರಾಕ್ಷಿಯನ್ನು ಬಲೆಯ ಮೇಲೆ, ಅಂತಸ್ತಿನ ಮೇಲೆ ಅಂತಸ್ತು, ಒಣಹಾಕಿರುತ್ತಾರೆ. ಅದರ ನಡುವೆ ನಿಂತರೆ ಹಸಿರು ಬೆಳಕು. ಅಲ್ಲಿ ಆರಿಸುವ ಹೆಂಗಸರು ನನ್ನನ್ನು ಕಂಡ ಕೂಡಲೇ ಸೆರಗು ಸರಿಮಾಡಿಕೊಂಡು ಗೊಂಬೆಗಳಾಗುತ್ತಿದ್ದರು. ನಾನು ಹೊರಟೆ ಎಂದು ನಟಿಸಿ ಮತ್ತೆ ತಿರುಗಿ ತೆಗೆಯುತ್ತಿದ್ದೆ. ಕೇಳಿ ತೆಗೆದ ಫೋಟೋಕ್ಕಿಂತ ಕದ್ದು ತೆಗೆದದ್ದೇ ಚೆಂದ ಎಂಬ ಸೊಕ್ಕು ಆಗ ನನಗಿತ್ತು. ಈಗ ಅದನ್ನು ಬರೆಯಲು ಕೈ ಹಿಂಜರಿಯುತ್ತದೆ.

ಮೂರನೆಯ ಭಾನುವಾರ ದಾರಿ ಬದಲಿಸಿ ಬಬಲೇಶ್ವರ ದಾಟಿ ನಿಡೋಣಿ ಕಡೆ ಹೋದೆವು. ಅಲ್ಲೊಂದು ಜೋಳ ಕೊಯ್ದ ಹೊಲದಲ್ಲಿ ಕುರಿಹಿಂಡು ಇಳಿದಿತ್ತು. ಬೇಸಿಗೆಯಲ್ಲಿ ಹೊಲದವರು ಕುರಿಗಾರರನ್ನು ಕರೆದು ಹೊಲದಲ್ಲಿ ಹಿಂಡು ನಿಲ್ಲಿಸಿಕೊಳ್ಳುತ್ತಾರೆ. ಕುರಿಗೆ ಕೂಳೆ, ಹೊಲಕ್ಕೆ ಗೊಬ್ಬರ, ಕುರಿಗಾರರಿಗೆ ಜೋಳ. ಮುಂಗಾರು ಬಿದ್ದು ಹೊಲ ಬಿತ್ತಿಗೆಗೆ ಬೇಕಾದ ದಿನ ಹಿಂಡು ಮುಂದಿನ ಸೀಮೆಗೆ ಹೊರಡುತ್ತದೆ.

ಹಿಂಡು ಬೀರಪ್ಪನದು. ಐವತ್ತರ ಗಂಡಸು, ಮಾತು ಕಡಿಮೆ, ಮೀಸೆ ಜಾಸ್ತಿ. ಹೆಂಡತಿ ಮಕ್ಕಳು ಊರಲ್ಲಿ. ಹೊಲದ ಮೂಲೆಯಲ್ಲಿ ಡೇರೆ ಹಾಕಿದ ಹಟ್ಟಿಯಲ್ಲಿ ಅವನ ಜೊತೆ ಇದ್ದವಳು ತಂಗಿ ಲಕ್ಕವ್ವ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಬಳಿ ಬಂದವಳು. ಹದಿನೆಂಟು ವರ್ಷದಿಂದ ಕುರಿ ಕಾಯುವುದೇ ಅವಳ ಬದುಕು. "ಅಣ್ಣನ ಮನಿ ಅನ್ನ ಪುಕ್ಕಟ ಉಂಡಿಲ್ಲರಿ ನಾ. ಇಷ್ಟ ವರ್ಷದಾಗ ಒಂದ ಮರಿ ನನ್ನ ಕೈಯಾಗ ಕಳದಿಲ್ಲ," ಎಂದು ಪರಿಚಯವಾದ ಹತ್ತೇ ನಿಮಿಷಕ್ಕೆ ಹೇಳಿದಳು. ಅವಳಿಗಿದ್ದ ಆಸ್ತಿ ಎಂದರೆ ಆ ಒಂದು ಮಾತು.

ಅವಳು ಬೇವಿನ ಮರದ ಕೆಳಗೆ ಬಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದಳು. ನಿದ್ದೆ ಹತ್ತಿದೆ ಎಂದುಕೊಂಡು ನಾನು ಮೆಲ್ಲಗೆ ಹತ್ತಿರ ಹೋದೆ. ಬೇವಿನ ಎಲೆಗಳ ನಡುವಿನ ಬಿಸಿಲು ಆ ಮುಚ್ಚಿದ ರೆಪ್ಪೆಗಳ ಮೇಲೆ ಬಿದ್ದಿತ್ತು. ಕ್ಲಿಕ್ ಎಂದದ್ದೇ ತಡ, ಕಣ್ಣು ತೆರೆಯದೆಯೇ ಅಂದಳು:

"ಮಲಗಿಲ್ಲರಿ ಅಕ್ಕೋರ. ಗಂಟಿ ಕೇಳಾಕತ್ತೇನಿ. ಕಣ್ಣ ಮುಚ್ಚಿದ್ರ ಕುರಿ ಛಲೋ ಕಾಣ್ತಾವ."

"ಅದು ಹೆಂಗ?"

"ಬಲಕ್ಕ ಆ ಕರೇ ಕುರಿ ಒಂದ ಹಿಂದ ಉಳದೈತಿ. ಹೌದಿಲ್ಲೋ ನೋಡ್ರಿ."

ನೋಡಿದೆ. ಹಿಂಡಿನಿಂದ ಹೊರಗೆ ಉಳಿದದ್ದು ಕರಿಯದೇ. ಆ ಫೋಟೋ ಆ ಬೇಸಿಗೆಯಲ್ಲಿ ನಾನು ತೆಗೆದದ್ದರಲ್ಲೆಲ್ಲ ಚೆಂದದ್ದು. ಸುಳ್ಳು ಹೇಳುವುದಿಲ್ಲ, ಇವತ್ತಿಗೂ ಚೆಂದವೇ ಇದೆ.

ಸುನೀಲ ಅಷ್ಟು ಹೊತ್ತಿಗೆ ಬೀರಪ್ಪನ ಬೆನ್ನು ಹತ್ತಿದ್ದ. ಕುರಿ ಕರೆಯುವ ಕೂಗು ಬೇಕು ಅಂತ. ಸಣ್ಣ ಪುಟ್ಟ ಕೂಗುಗಳನ್ನೆಲ್ಲ ಬೀರಪ್ಪ ಹಾಕಿ ತೋರಿಸಿದ. ಕುರಿಗಳು ಅರ್ಧ ಕಿವಿ ಕೊಟ್ಟು ಮತ್ತೆ ಮೇವಿಗೆ ಬಾಯಿ ಹಾಕಿದವು. "ಎಲ್ಲಾ ಒಮ್ಮೆ ಓಡಿ ಬರೂ ಹಂಗ ಒಂದ ಕೂಗ್ರಿ ಮಾಮಾ," ಎಂದ ಸುನೀಲ.

ಬೀರಪ್ಪ ತಲೆಯಾಡಿಸಿದ. "ಅದು ನೀರಿನ ಕೂಗ. ಸುಮ್ನ ಕೂಗಂಗಿಲ್ಲ ತಮ್ಮಾ. ನೀರ ಕಣ್ಣಿಗಿ ಕಂಡ ಮ್ಯಾಲ ಅಷ್ಟ ಕೂಗೂದು."

"ಒಂದ ಸಲ ಕೂಗಿದ್ರ ಏನಾಕ್ಕೈತ್ರಿ?"

"ನಂಬಿ ಬರ್ತಾವ. ಬಂದ ಮ್ಯಾಲ ನೀರಿಲ್ಲಂದ್ರ ಅವಕ್ಕ ನಾ ಏನ್ ಹೇಳ್ಲಿ? ನಮ್ಮಪ್ಪ ಕಲಿಸಿದ್ದು. ಆ ಕೂಗ ಸುಳ್ಳಾಗಬಾರದು."

ಲಕ್ಕವ್ವನೂ ಆ ಕೂಗು ಹಾಕುವುದಿಲ್ಲವಂತೆ. ಅದು ಹಿಂಡಿನ ಯಜಮಾನನದು ಮಾತ್ರ. ಮಧ್ಯಾಹ್ನದವರೆಗೆ ಕಾದೆವು. ಹೊಲದವರು ಮೋಟರು ಹಚ್ಚಿ ಸಿಮೆಂಟಿನ ತೊಟ್ಟಿ ತುಂಬಿಸಿದರು. ಬೀರಪ್ಪ ತೊಟ್ಟಿಯ ಪಕ್ಕ ನಿಂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ. ಹೊಲದ ಮೂಲೆ ಮೂಲೆಯಿಂದ ಇನ್ನೂರು ಕುರಿ ಧೂಳೆಬ್ಬಿಸಿಕೊಂಡು, ಒಂದರ ಮೇಲೊಂದು ಬೀಳುತ್ತ ಬಂದವು. ಸುನೀಲ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಇದ್ದ. ಆಮೇಲೆ ಕೇಳಿಸಿದಾಗ ಬೀರಪ್ಪ ಮೀಸೆಯಲ್ಲೇ ನಕ್ಕ. "ನನ್ನ ದನಿ ನಿನ್ನ ಕಿಸೇದಾಗ ಹೊಕ್ಕತಲ್ಲೋ ತಮ್ಮಾ," ಎಂದ. ಹಾಡಿಗೆ ಹಾಕುತ್ತೇವೆ, ಊರೆಲ್ಲ ಕೇಳುತ್ತದೆ ಎಂದು ನಾವು ಹೇಳಲಿಲ್ಲ. ಮುಚ್ಚಿಡಬೇಕೆಂದೇನಲ್ಲ, ಹೇಳಬೇಕಾದ ಸಂಗತಿ ಎಂದು ಹೊಳೆಯಲೇ ಇಲ್ಲ.

ಎರಡು ವಾರ ಸುನೀಲ ಆ ಕೂಗಿನ ಸುತ್ತ ಹಾಡು ಕಟ್ಟಿದ. ಕುರಿಗಂಟೆ, ಅವ್ವನ ರೊಟ್ಟಿಯ ತಾಳ, ಸ್ಟಾರ್ಟರಿನ ಸದ್ದು, ಕೆಳಗೆ ಗುಡುಗುವ ಬೀಟು. ಕೂಗನ್ನು ಮಧ್ಯೆ ಎಲ್ಲೋ ಹುದುಗಿಸಿದ್ದ. ನಾನು ಕೇಳಿ, ಟೀಚರ್ ಬುದ್ಧಿ ಬಿಡದೆ ತಿದ್ದಿದೆ.

"ಲೇ, ಇಷ್ಟ ಛಲೋ ಕೂಗನ್ನ ಯಾಕ ಮುಚ್ಚಿಟ್ಟಿ? ಮೊದ್ಲ ಬರೇ ಕೂಗ ಬರ್ಲಿ. ಹಿಂದ ಏನೂ ಬ್ಯಾಡ. ಆಮ್ಯಾಲ ಬೀಟ್ ಬೀಳ್ಲಿ."

ಹಾಗೆಯೇ ಮಾಡಿದ. ಕೂಗಿನ ಹಿಂದಿದ್ದ ಗಾಳಿ, ಧೂಳು, ಮೋಟರಿನ ಸದ್ದನ್ನೆಲ್ಲ ತೆಗೆದು, ಬೀರಪ್ಪ ಪಕ್ಕದಲ್ಲೇ ನಿಂತು ಕೂಗಿದಂತೆ ಸ್ವಚ್ಛ ಮಾಡಿದ. ಮೇ ಮೊದಲ ವಾರ ಹಾಡನ್ನು ನೆಟ್ಟಿಗೆ ಹಾಕಿದ. ನಾಲ್ಕೇ ದಿನಕ್ಕೆ ಅದು ಟ್ರ್ಯಾಕ್ಟರುಗಳ ಮೇಲೆ ಹತ್ತಿತು. ಗಾಂಧಿ ಚೌಕಿನಲ್ಲಿ ತರಕಾರಿ ಕೊಳ್ಳುವಾಗ ನನ್ನ ಕಿವಿಗೇ ಬಿದ್ದು, ತರಕಾರಿಯವಳಿಗೆ "ನಮ್ಮ ತಮ್ಮ ಮಾಡಿದ್ದು" ಎಂದೆ. ಅವಳು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದಳು. ಅಷ್ಟು ಖುಷಿ ಆ ಬೇಸಿಗೆಯಲ್ಲಿ ಮತ್ತೆ ಆಗಲಿಲ್ಲ.

ಮುಂದಿನ ಭಾನುವಾರ ಫೋಟೋಗಳ ಪ್ರಿಂಟು ಹಾಕಿಸಿಕೊಂಡು, ಪೇಢೆ ಕಟ್ಟಿಸಿಕೊಂಡು ನಿಡೋಣಿ ಕಡೆ ಹೊರಟೆವು. ಬೀರಪ್ಪನಿಗೆ ಹಾಡು ಕೇಳಿಸುವ ಆಸೆ ಸುನೀಲನಿಗೆ. ಹಟ್ಟಿಯಲ್ಲಿ ಬೀರಪ್ಪ ಒಬ್ಬನೇ ಮರದ ಕೆಳಗೆ ಕೂತಿದ್ದ. ಲಕ್ಕವ್ವನ ಬಡಿಗೆ ಅವನ ಕೈಯಲ್ಲಿತ್ತು. ನಾನು ಉತ್ಸಾಹದಲ್ಲಿ ಮೊದಲು ಪ್ರಿಂಟುಗಳನ್ನೇ ಕೈಗಿಟ್ಟೆ. ಮೇಲಿದ್ದದ್ದು ಲಕ್ಕವ್ವ ಕಣ್ಣು ಮುಚ್ಚಿ ಕೂತ ಫೋಟೋ.

ಅವನು ಬಹಳ ಹೊತ್ತು ನೋಡಿದ. "ನೋಡ್ರಿ," ಎಂದ. "ನೀವು ಬಂದ ದಿನಾನೂ ಮಲಗ್ಯಾಳ. ನಾ ಅಂದದ್ದು ಸುಳ್ಳೇನು?"

"ಏನಾತ್ರಿ?" ಎಂದೆ.

ಗುರುವಾರ ಮಧ್ಯಾಹ್ನ ಅವನು ಕುರಿಗೆ ಔಷಧ ತರಲು ವಿಜಯಪುರಕ್ಕೆ ಹೋಗಿದ್ದನಂತೆ. ತಿರುಗಿ ಬಂದ ಮೇಲೆ ನೀರು ಕುಡಿಸುವುದೆಂದು ಹಿಂಡನ್ನು ಲಕ್ಕವ್ವನ ಕೈಗೆ ಒಪ್ಪಿಸಿದ್ದ. ಹಿಂಡು ಹೊಲದಲ್ಲಿತ್ತು. ಇದ್ದಕ್ಕಿದ್ದಂತೆ ಕುರಿಗಳೆಲ್ಲ ಎದ್ದು ರಸ್ತೆಯ ಕಡೆ ಓಡಿದವು. ಅದೇ ಹೊತ್ತಿಗೆ ಉಸುಕಿನ ಲಾರಿಯೊಂದು ಬಂತು. ಹನ್ನೊಂದು ಕುರಿ ಸತ್ತವು. ಲಾರಿಯವರ ಜೊತೆ ಊರ ಹಿರಿಯರು ಕೂತು ಮಾತಾಡಿ ಆ ವ್ಯವಹಾರ ಮುಗಿಸಿದ್ದರು. ಮುಗಿಯದೆ ಉಳಿದದ್ದು ಲಕ್ಕವ್ವನ ವ್ಯವಹಾರ.

"ಕಣ್ಣ ಹತ್ತೇತಿ, ಅದಕ್ಕ ಹೋಗ್ಯಾವ. ಒಪ್ಪಿಕೋ ಅಂದ್ರ ಒಪ್ಪವಲ್ಲಳು. ಸುಳ್ಳ ಬ್ಯಾರೆ ಹೇಳ್ತಾಳ."

"ಏನಂತ?"

"ರಸ್ತಾದ ಕಡಿಂದ ನಾ ನೀರಿನ ಕೂಗ ಹಾಕಿದೆ ಅಂತ. ನನ್ನ ದನಿ ಆಕಿ ಕಿವಿಲೆ ಕೇಳ್ಯಾಳಂತ. ನಾ ವಿಜಾಪುರದಾಗ ಔಷಧದ ಅಂಗಡ್ಯಾಗ ನಿಂತೇನಿ! ಕನಸ ಬಿದ್ದಿತ್ತು, ಮತ್ತೇನ."

ನಾನು ಸುನೀಲನ ಮುಖ ನೋಡಿದೆ. ಹೊಲದ ತುದಿಗೆ, ರಸ್ತೆಯ ಆಚೆ ಬದಿಗೆ ಒಂದು ಚಹಾದ ಅಂಗಡಿ ಇದೆ. ಟ್ರ್ಯಾಕ್ಟರಿನವರು ಅಲ್ಲಿ ನಿಲ್ಲುತ್ತಾರೆ. ನಿಂತಾಗ ಹಾಡು ನಿಲ್ಲಿಸುವುದಿಲ್ಲ. ಇಷ್ಟನ್ನು ಕೂಡಿಸಲು ಗಣಿತದ ಟೀಚರ್ ಬೇಕಾಗಿರಲಿಲ್ಲ.

ಡೇರೆಯ ಮಗ್ಗುಲಲ್ಲಿ ಲಕ್ಕವ್ವ ಒಲೆಯ ಮುಂದೆ ಕೂತಿದ್ದಳು. ನಮ್ಮನ್ನು ನೋಡಿ ಎದ್ದು ಬರಲಿಲ್ಲ. "ನಾ ಮಲಗಿದ್ದಿಲ್ಲರಿ ಅಕ್ಕೋರ," ಎಂದಳು ಅಲ್ಲಿಂದಲೇ. "ನೀವರ ಹೇಳ್ರಿ. ನಾ ಕಣ್ಣ ಮುಚ್ಚಿ ಕುರಿ ಕೇಳ್ತೇನಿ ಅಂತ ನಿಮಗ ಹೇಳಿದ್ನಿಲ್ಲ?"

"ಹೌದ್ರಿ, ಹೇಳಿದ್ಲು," ಎಂದೆ ನಾನು ಬೀರಪ್ಪನಿಗೆ. ಅಷ್ಟೇ ಹೇಳಿದೆ. ಅವನು ಫೋಟೋವನ್ನು ಅಂಗಿಯ ಕಿಸೆಗೆ ಇಳಿಸಿದ. ಪೇಢೆಯ ಡಬ್ಬಿಯನ್ನು ಕಲ್ಲಿನ ಮೇಲಿಟ್ಟು ನಾವು ಗಾಡಿ ಹತ್ತಿದೆವು.

ಬಬಲೇಶ್ವರಕ್ಕೆ ಬಂದ ಮೇಲೆ ಸುನೀಲ ಗಾಡಿ ನಿಲ್ಲಿಸಿ ಇಳಿದ. "ತಿರುಗಿ ಹೋಗೂನು ಅಕ್ಕಾ. ಹೇಳಿಬಿಡೂನು," ಎಂದ.

"ಹೇಳಿದ್ರ ಏನಾಕ್ಕೈತಿ ಗೊತ್ತೈತೇನು? ಊರವರು ಕೂಡ್ತಾರ. ಪೊಲೀಸ ಕಂಪ್ಲೇಂಟ್ ಆಕ್ಕೈತಿ. ನಿನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ. ನಾ ಹೇಳೂ ತನ ಬಾಯಿ ಬಿಡಬ್ಯಾಡ."

ಗಟ್ಟಿ ದನಿಯಲ್ಲಿ ಹೇಳಿದೆ. ಚಿಕ್ಕಂದಿನಿಂದಲೂ ಆ ದನಿಗೆ ಅವನು ಎದುರಾಡಿದವನಲ್ಲ. ತಮ್ಮನನ್ನು ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಅಂಜಿಕೆ, ಮತ್ತು ಆ ಅಂಜಿಕೆ ನನ್ನದೇ ಆಗಿತ್ತು. ಸುನೀಲ ಆ ಸಂಜೆಯೇ ಹಾಡನ್ನು ತನ್ನ ಪುಟದಿಂದ ತೆಗೆದುಹಾಕಿದ. ಅಷ್ಟರಲ್ಲಿ ಅದು ಊರೂರಿನ ಫೋನುಗಳಲ್ಲಿತ್ತು. ನಮ್ಮ ಮನೆಯ ಮುಂದೆಯೇ ದಿನಕ್ಕೆರಡು ಸಲ ಹೋಗುತ್ತಿತ್ತು. ಕೂಗು ಕೇಳಿದಾಗಲೆಲ್ಲ ಅವನು ಎದ್ದು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ.

ನಮ್ಮ ಮನೆಯಲ್ಲಿ ಭಾನುವಾರ ಸಂಜೆ ದೀಪ ಹಚ್ಚಿ ಎಲ್ಲರೂ ಕೂತು ಪಂಚಶೀಲ ಹೇಳುವ ರೂಢಿ. ಅಪ್ಪ ಮುಂದೆ ಹೇಳುತ್ತಾನೆ, ನಾವು ಹಿಂದೆ. ಮರುವಾರ, ಸುಳ್ಳಾಡುವುದಿಲ್ಲ ಎಂಬ ನಾಲ್ಕನೆಯ ಶೀಲ ಬಂದಾಗ ಸುನೀಲನ ದನಿ ನಿಂತುಬಿಟ್ಟಿತು. ನನ್ನ ದನಿ ನಿಲ್ಲಲಿಲ್ಲ, ಎಂದಿನಂತೆ ಗಟ್ಟಿಯಾಗಿಯೇ ಹೇಳಿತು. ಅಪ್ಪ ಇಬ್ಬರನ್ನೂ ನೋಡಿದ. ಮುಂದಿನ ಭಾನುವಾರವೂ ಹಾಗೆಯೇ ಆಯಿತು. ಅದರಾಚೆಯ ಭಾನುವಾರ ಅಪ್ಪ ನಾಲ್ಕನೆಯದನ್ನು ಎರಡು ಸಲ ಹೇಳಿಸಿದ. ಆಗ ನನ್ನ ದನಿ ನಾನೇ ಕೇಳಿ ನಾಚಿಕೆಯಾಯಿತು. ಕಾಪಿ ಹೊಡೆದು ಸಿಕ್ಕಿಬಿದ್ದ ಎಷ್ಟು ಮಕ್ಕಳನ್ನು ಆ ದನಿಯಿಂದ ನಾನು ಅಳಿಸಿದ್ದೆನೋ.

ಅಷ್ಟರಲ್ಲಿ ಶಾಲೆ ಶುರುವಾಗಿತ್ತು. ಸಂಜೆ ಹೊತ್ತು ಮೋಡ ಕಟ್ಟತೊಡಗಿದವು. ಎಲ್ಲರೂ ಮಳೆಯ ದಾರಿ ನೋಡುತ್ತಿದ್ದರೆ ನಾನು ಮಳೆಗೆ ಹೆದರುತ್ತಿದ್ದೆ. ಮಳೆ ಬಿದ್ದರೆ ಹಿಂಡು ಹೊರಟುಬಿಡುತ್ತದೆ. ಲಕ್ಕವ್ವ ಎಲ್ಲಿ ಹೋದಳೆಂದು ಆಮೇಲೆ ಯಾರನ್ನು ಕೇಳುವುದು? ನಿದ್ದೆಗೇಡಿ ಎಂಬ ಹೆಸರು ಹೊತ್ತುಕೊಂಡು ಅವಳು ಸೀಮೆ ದಾಟಿಬಿಟ್ಟರೆ ಅದು ಮತ್ತೆಂದೂ ಇಳಿಯುವುದಿಲ್ಲ. ಆ ಭಾನುವಾರ ರಾತ್ರಿಯೇ ಸುನೀಲನಿಗೆ, "ನಾಳೆ ರಜಾ ಹಾಕು," ಎಂದೆ.

ಬೆಳಿಗ್ಗೆ ಹಿಂಡು ಇನ್ನೂ ಅಲ್ಲೇ ಇತ್ತು. ಕ್ಯಾಮೆರಾ ಒಯ್ದಿರಲಿಲ್ಲ, ಹೆಗಲಿಗೆ ಶಾಲೆಯ ಚೀಲ ಮಾತ್ರ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದದ್ದು ಬಾಯಿಗೆ ಬರಲಿಲ್ಲ. ಹೇಳಿದವನು ಸುನೀಲನೇ. ಬೀರಪ್ಪನ ಎದುರು ಕುಕ್ಕರಗಾಲಲ್ಲಿ ಕೂತು, "ಮಾಮಾ, ಆ ದಿನ ಕುರಿ ಕರದಾಂವ ನಾ," ಎಂದ.

ಬೀರಪ್ಪನಿಗೆ ತಿಳಿಯಲಿಲ್ಲ. ಹಾಡು, ಟ್ರ್ಯಾಕ್ಟರು, ಚಹಾದ ಅಂಗಡಿ ಎಲ್ಲವನ್ನೂ ಬಿಡಿಸಿ ಹೇಳಿದೆವು. ಕೂಗನ್ನು ಮೊದಲಿಗೆ ಹಾಕಲು ಹೇಳಿದವಳು ನಾನು ಎಂದೂ ಹೇಳಿದೆ. ಅವನು ನಂಬಲಿಲ್ಲ. "ಪೆಟಗ್ಯಾನ ದನಿಗಿ ಕುರಿ ಹೆಂಗ ಹೋಗ್ತಾವ? ಅವಕ್ಕ ತಿಳೀತೈತಿ," ಎಂದ. ಸುನೀಲ ಫೋನನ್ನೂ ಸಣ್ಣ ಸ್ಪೀಕರನ್ನೂ ಹೊರತೆಗೆದ ಕೂಡಲೇ ಬೀರಪ್ಪ ಅವನ ಕೈ ಹಿಡಿದ.

"ಈಗ ಬ್ಯಾಡ. ತೊಟ್ಟ್ಯಾಗ ನೀರಿಲ್ಲ."

ಹನ್ನೊಂದು ಕುರಿ ಕಳೆದುಕೊಂಡ ಮನುಷ್ಯ, ಸತ್ಯ ತಿಳಿಯುವುದಕ್ಕೂ ಕುರಿಗಳಿಗೆ ಸುಳ್ಳು ಹೇಳಲು ಒಪ್ಪಲಿಲ್ಲ. ಮಧ್ಯಾಹ್ನದವರೆಗೆ ಕಾದೆವು. ಲಕ್ಕವ್ವ ಡೇರೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ತೊಟ್ಟಿ ತುಂಬಿತು. ಸುನೀಲ ಸ್ಪೀಕರನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟ. ಬೀರಪ್ಪ ಹತ್ತು ಹೆಜ್ಜೆ ದೂರ ನಿಂತು ಅಂಗೈಯಿಂದ ತನ್ನ ಬಾಯಿ ಮುಚ್ಚಿಕೊಂಡ.

"ಹೊಯ್ಯಾ… ಹೊ ಹೊ ಹೊ… ಹೊಯ್ಯಾ…"

ಹಿಂಡು ತಲೆ ಎತ್ತಿತು. ಆಮೇಲೆ ಧೂಳು. ಕುರಿಗಳು ಬೀರಪ್ಪನ ಎಡಬಲಕ್ಕೆ, ಅವನ ಕಾಲಿಗೆ ಒರೆಸಿಕೊಂಡು ಓಡಿದವು. ಒಂದೂ ಅವನ ಮುಖ ನೋಡಲಿಲ್ಲ. ಅವನು ಬಾಯಿಂದ ಕೈ ತೆಗೆಯದೆ ನಿಂತೇ ಇದ್ದ.

"ಹಂಗಾರ ನಾ ಮಲಗಿದ್ದಿಲ್ಲ," ಎಂದಳು ಲಕ್ಕವ್ವ. ಅವಳು ಯಾವಾಗ ಎದ್ದು ಬಂದು ನನ್ನ ಹಿಂದೆ ನಿಂತಳೋ ಗೊತ್ತಿಲ್ಲ. ಯಾರಿಗೂ ಹೇಳಿದ ಮಾತಲ್ಲ ಅದು. ಮತ್ತೊಮ್ಮೆ ಅಂದಳು, "ಹಂಗಾರ ಖರೇನ ಮಲಗಿದ್ದಿಲ್ಲ ನಾ."

"ಮತ್ತ ಮೊನ್ನಿ ಅಮಾಸಿ ದಿನ ಎಲ್ಲಾರ ಮುಂದ ನೀನ ಒಪ್ಪಿಕೊಂಡ್ಯಲ್ಲ ಬೇ," ಎಂದ ಬೀರಪ್ಪ.

"ದಿನಾ ಕೇಳಿದಿ. ಬಂದವರಿಗೆಲ್ಲಾ ಆ ಫೋಟೋ ತೋರಿಸಿದಿ. ಏನ್ ಮಾಡ್ಲಿ? ಹೌದು, ಮಲಗಿದ್ದೆ ಅಂದೆ. ಅಂದ ಮ್ಯಾಲ ನನಗೂ ಹಂಗ ಅನಸಾಕತ್ತಿತು. ಖರೇನ ಕಣ್ಣ ಹತ್ತಿತ್ತೇನೋ, ನಿನ್ನ ದನಿ ಕನಸಿನ್ಯಾಗ ಕೇಳಿದ್ನೇನೋ ಅಂತ."

ಇದನ್ನು ನಾನು ಎಣಿಸಿರಲಿಲ್ಲ. ಹೆಸರು ಕೆಟ್ಟಿತು ಎಂದಷ್ಟೇ ತಿಳಿದಿದ್ದೆ. ತನ್ನ ಕಿವಿಯನ್ನೇ ತಾನು ನಂಬದ ಹಾಗೆ ಅವಳನ್ನು ಮಾಡಿದ್ದೆವು.

ಬೀರಪ್ಪ ನಮ್ಮನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಪೊಲೀಸರ ಮಾತೂ ಬರಲಿಲ್ಲ. ನಾನು ಇಪ್ಪತ್ತು ದಿನ ಹೆದರಿದ್ದ ಯಾವುದೂ ಆಗಲಿಲ್ಲ. ಬಡಿಗೆಯನ್ನು ತಂಗಿಯ ಕಡೆ ಚಾಚಿದ. ಅವಳು ಕೂಡಲೇ ತೆಗೆದುಕೊಳ್ಳಲಿಲ್ಲ. ಅವನ ಕೈ ಸೋಲುವವರೆಗೆ ಕಾದು ಆಮೇಲೆ ತೆಗೆದುಕೊಂಡಳು. ಅವನು ನೀರು ಕುಡಿಯುವ ಕುರಿಗಳನ್ನು ನೋಡುತ್ತ, "ನಮ್ಮಪ್ಪನ ಕೂಗು," ಎಂದ. "ಇನ್ನ ಇದು ನನಗ ನಡಿಯಂಗಿಲ್ಲ ತಮ್ಮಾ. ಯಾವ ರಸ್ತಾದಾಗ ಯಾರ ಹಚ್ತಾರೋ. ಬ್ಯಾರೆ ಕಲಿಸಬೇಕು."

ಸುನೀಲ ಗಂಡಸರು ಅಳಬಾರದೆಂಬುದನ್ನು ಮರೆತು ಅತ್ತ. ಆ ದಿನದಿಂದ ಅವನು ಹೆಡ್‌ಫೋನ್ ಮುಟ್ಟಿಲ್ಲ. ಕಾಲೇಜಿನ ಮೋಟರು, ಫ್ಯಾನುಗಳಲ್ಲೇ ಇದ್ದಾನೆ. ಈಗ ಅವ್ವ ರೊಟ್ಟಿಗೆ ಕರೆದರೆ ಮೊದಲ ಕೂಗಿಗೇ ಬಂದು ಕೂರುತ್ತಾನೆ. ಅದನ್ನು ಕಂಡು ಅವ್ವನಿಗೆ ಸಂತೋಷವೇನೂ ಇಲ್ಲ. ಎರಡು ದಿನಕ್ಕೆ ಮಳೆ ಬಂತು, ಹಿಂಡು ಹೊರಟಿತು. ಮರುವರ್ಷ ಆ ಹೊಲದಲ್ಲಿ ಬೇರೆಯವರ ಕುರಿ ಇದ್ದವು.

ಆದರೆ ಆ ಮಧ್ಯಾಹ್ನ ನಾವು ಹೊರಡುವ ಮೊದಲು ಲಕ್ಕವ್ವ ಅಣ್ಣನ ಕಿಸೆಗೆ ಕೈಹಾಕಿ ಆ ಫೋಟೋ ತೆಗೆದುಕೊಂಡು ಬಂದಳು. ಮೂಲೆ ಮುದುಡಿತ್ತು, ಬೆವರಿನ ಕಲೆ ಹತ್ತಿತ್ತು. ಹರಿದು ಬಿಸಾಡುತ್ತಾಳೆ ಎಂದುಕೊಂಡೆ.

"ಅಕ್ಕೋರ, ಇದರ ಹಿಂದ ಬರೀರಿ."

"ಏನಂತ ಬರೀಲಿ?"

"ಮಲಗಿಲ್ಲ ಅಂತ. ನನಗ ಓದಾಕ ಬರಂಗಿಲ್ಲ. ಬರೂದವರು ಓದ್ತಾರ. ಕೆಳಗ ನಿಮ್ಮ ಸಹಿ ಮಾಡ್ರಿ."

ಚೀಲದಲ್ಲಿ ಸಿಕ್ಕಿದ್ದು ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು. ತೊಟ್ಟಿಯ ಕಟ್ಟೆಯ ಮೇಲೆ ಫೋಟೋ ಬೋರಲು ಹಾಕಿ ಬರೆದೆ: ಈ ಫೋಟೋದಲ್ಲಿ ಲಕ್ಕವ್ವ ಮಲಗಿಲ್ಲ. ಕಣ್ಣು ಮುಚ್ಚಿ ಕುರಿಗಳ ಗಂಟೆ ಕೇಳುತ್ತಿದ್ದಾಳೆ. ಕುರಿ ಸತ್ತ ದಿನವೂ ಅವಳು ಮಲಗಿರಲಿಲ್ಲ. ಅವು ಓಡಿದ್ದು ನಾವು ಮಾಡಿದ ಹಾಡಿನ ಕೂಗಿಗೆ. ಕೆಳಗೆ ನನ್ನ ಸಹಿ, ಅದರ ಕೆಳಗೆ ಸುನೀಲನ ಸಹಿ. ಅವಳು ಅಣ್ಣನನ್ನು ಕರೆದು ಎದುರು ನಿಲ್ಲಿಸಿ, ಗಟ್ಟಿಯಾಗಿ ಓದಿಸಿದಳು. ಮತ್ತೊಮ್ಮೆ ಓದಿಸಿದಳು. ಶಾಯಿ ಒಣಗುವ ತನಕ ಬಾಯಿಂದ ಊದಿ, ಸೀರೆಯ ನಿರಿಗೆ ಸಿಕ್ಕಿಸುವ ಮೊದಲು, ಬೆರಳಿನಿಂದ ಒಂದೊಂದೇ ಸಾಲನ್ನು ಮುಟ್ಟಿ ಎಣಿಸಿದಳು. ಸಹಿಗಳೂ ಸೇರಿ ಆರು ಸಾಲು. ಆಮೇಲೆ ನನ್ನ ಮುಖ ನೋಡಿದಳು. ಸಿಟ್ಟು ಇರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು.

"ಇಷ್ಟ ಬರ್ಯಾಕ ನಿಮಗ ಇಪ್ಪತ್ತ ದಿನ ಬೇಕಾತೇನ್ರಿ ಅಕ್ಕೋರ?"